ಒಂದೇ ಉಸಿರಿನ ಹನ್ನೆರಡು ಊರು

ಪ್ಯಾರೇಜಾನ್ ಭಾಯ್ ಕೂಗು ಹಾಕುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೋಲಾರದ ಖಾಸಗಿ ಬಸ್ ನಿಲ್ದಾಣದಲ್ಲಿ ಸಂಜೆ ಐದೂವರೆಗೆ ನಾಲ್ಕು ಬಸ್ಸುಗಳು ಒಟ್ಟಿಗೆ ಹೊರಡುತ್ತಿದ್ದವು. ನಾಲ್ಕಕ್ಕೂ ಅವರೇ ಏಜೆಂಟು. ಮೊದಲ ಬಸ್ಸಿನ ಬಾಗಿಲ ಕಂಬಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಕಿವಿಯ ಹಿಂದೆ ಇಟ್ಟು, ಕಣ್ಣು ಮುಚ್ಚಿ ಶುರು ಮಾಡಿದರೆಂದರೆ ನಾಲ್ಕು ದಿಕ್ಕಿನ ಊರುಗಳು ಒಂದೇ ಉಸಿರಿನಲ್ಲಿ ಹೊರಗೆ ಬರುತ್ತಿದ್ದವು. "ಸುಗಟೂರ್ ಹೋಳೂರ್ ವೇಮಗಲ್, ಟೇಕಲ್ ಲಕ್ಕೂರ್ ಮಾಲೂರ್, ಆವನಿ ತಾಯಲೂರ್ ಮುಳಬಾಗಿಲ್, ರೋಣೂರ್ ಸೀನಿವಾಸ್ಪುರ ಕ್ಯಾಲನೂರೂ..." ಹೊಸಬರು ಗಾಬರಿಯಾಗಿ, ಇದೆಲ್ಲಾ ಒಂದೇ ಬಸ್ಸಾ ಎಂದು ಕೇಳಿದರೆ ಭಾಯ್ ಒಂದು ಕಣ್ಣು ತೆರೆದು, "ಈ ರೂಟಲ್ಲಿ ಹೋದ ಡ್ರೈವರ್ ಮನೆಗೆ ವಾಪಸ್ ಬರಲ್ಲ ಸ್ವಾಮಿ. ನೀವ್ ಯಾವೂರಿಗ್ ಹೋಗ್ಬೇಕು, ಅದ್ ಹೇಳಿ" ಎನ್ನುತ್ತಿದ್ದರು.

ಆ ಕೂಗಿಗೆ ಒಂದು ಕಟ್ಟಳೆ ಇತ್ತು. ಅದು ಮುಗಿಯುವವರೆಗೆ ಯಾವ ಡ್ರೈವರೂ ಗೇರು ಹಾಕುವಂತಿರಲಿಲ್ಲ. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಅದನ್ನು ಭಾಯ್ ಬಳಸಿಕೊಳ್ಳುತ್ತಿದ್ದ ರೀತಿಯೇ ಬೇರೆ. ದೂರದಲ್ಲಿ ಯಾರಾದರೂ ಓಡಿ ಬರುತ್ತಿದ್ದರೆ ಅವರ ಊರನ್ನು ಕೊನೆಗೆ ಇಟ್ಟುಕೊಂಡು, ಕೊನೆಯ ಅಕ್ಷರವನ್ನು ಎಳೆಯುತ್ತಿದ್ದರು. ಓಡಿ ಬಂದವರು ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆಯೇ ಎಳೆತ ನಿಲ್ಲುತ್ತಿತ್ತು. ನಾನು ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದ ಮೂರು ವರ್ಷವೂ ಪ್ರತಿದಿನ ಓಡಿಕೊಂಡೇ ಬಂದವಳು. ಹಾಗಾಗಿ ಮೊದಲು ಎಲ್ಲೋ ನಡುವೆ ಇದ್ದ ನಮ್ಮ ಕ್ಯಾಲನೂರು ಕೂಗಿನ ಕೊನೆಗೆ ಹೋಗಿ, ಅಲ್ಲೇ ಉಳಿದುಬಿಟ್ಟಿತು. ನಮ್ಮೂರಿನ ಹೆಸರನ್ನು ಅಷ್ಟು ಉದ್ದಕ್ಕೆ ಹೇಳಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಬಿಳಿ ಜುಬ್ಬ, ಮಡಿಸಿ ಕಟ್ಟಿದ ಚೌಕಳಿ ಲುಂಗಿ, ಹೆಗಲ ಮೇಲೆ ಒಂದು ಟವೆಲ್ಲು, ದವಡೆಯಲ್ಲಿ ಎಲೆ ಅಡಿಕೆ. ಆಳು ಸಣ್ಣಗಿದ್ದರು. ಅಷ್ಟು ದೊಡ್ಡ ಸ್ವರ ಆ ಮೈಯೊಳಗೆ ಎಲ್ಲಿ ಇರುತ್ತದೋ ಎಂದು ಕೇಳುವವರು ಕೇಳುತ್ತಲೇ ಇದ್ದರು. ಮನೆಯಲ್ಲಿ ದಖನಿ, ನಮ್ಮಂಥವರ ಜೊತೆ ಕನ್ನಡ, ಆಂಧ್ರದ ಗಡಿಯ ಕಡೆಯಿಂದ ಹೂವಿನ ಮೂಟೆ ಹೊತ್ತು ಬಂದ ಹೆಂಗಸರಿಗೆ ತೆಲುಗು. "ಎಕ್ಕಂಡಮ್ಮಾ, ಮುಂದರ ಸೀಟುಂದಿ," ಹತ್ತಮ್ಮಾ, ಮುಂದೆ ಸೀಟಿದೆ ಎಂದು. ನಡಿಗೆ ನೋಡಿಯೇ ಯಾವ ಭಾಷೆಯವರೆಂದು ಹೇಳುತ್ತೇನೆ ಎನ್ನುತ್ತಿದ್ದರು. ಹತ್ತಕ್ಕೆ ಮೂರು ಸಲ ತಪ್ಪುತ್ತಿತ್ತು, ಅದನ್ನು ಮಾತ್ರ ಒಪ್ಪುತ್ತಿರಲಿಲ್ಲ. "ಬಸ್ ಹತ್ತೋವರ್ಗೂ ಗಿರಾಕಿ, ಹತ್ತಿದ್ಮೇಲೆ ನೆಂಟರು" ಎನ್ನುವುದು ಅವರ ಮಾತು. ಆ ನೆಂಟಸ್ತಿಕೆಯಲ್ಲಿ ನಾನು ಅವರಿಗೆ ಮಗಳಾಗಿದ್ದೆ. ಸಿಟ್ಟು ಬಂದಾಗ "ಲೇ ಅಮ್ಮಯ್ಯ", ಇಲ್ಲದಿದ್ದಾಗ "ಬೇಟಾ".

ಎರಡನೇ ವರ್ಷದ ಮೌಖಿಕ ಪರೀಕ್ಷೆಗೆ ತಲೆಯಿಂದ ಹೊರಡುವ ಹನ್ನೆರಡು ಜೊತೆ ನರಗಳ ಹೆಸರನ್ನು ವರಸೆಯಾಗಿ ಹೇಳಬೇಕಿತ್ತು. ಆರನೆಯದಕ್ಕೇ ನನ್ನ ಉಸಿರೂ ನೆನಪೂ ಕೈಕೊಡುತ್ತಿದ್ದವು. ಬಸ್ಸಿನ ಕಿಟಕಿಯ ಪಕ್ಕ ಕೂತು ಗೊಣಗುತ್ತಿದ್ದದ್ದನ್ನು ನೋಡಿ ಭಾಯ್ ಏನೆಂದು ಕೇಳಿದರು. ಹೇಳಿದೆ. "ಹನ್ನೆರಡಾ? ನನ್ನವೂ ಹನ್ನೆರಡೇ. ಇಲ್ ಬಾ" ಎಂದು ಕೆಳಗಿಳಿಸಿಕೊಂಡು, ಆ ಕಡೆ ಈ ಕಡೆ ನೋಡಿ, "ಪುಸ್ತಕದ್ ಮೇಲೆ ಕೈ ಇಡು. ಯಾರಿಗೂ ಹೇಳಲ್ಲ ಅನ್ನು" ಎಂದರು. ಇಟ್ಟೆ, ಅಂದೆ.

"ನನ್ ಕೂಗು ಒಂದೇ ಉಸಿರಲ್ಲ ಬೇಟಾ. ಕದೀತೀನಿ."

ಗುಟ್ಟು ಇಷ್ಟೇ. ಮೂರು ಊರಿಗೊಂದು ಸಲ ತುಟಿ ಕೂಡುವ ಹೆಸರು ಬರುವಂತೆ ಅವರು ಕೂಗನ್ನು ಕಟ್ಟಿದ್ದರು. ವೇಮಗಲ್, ಮಾಲೂರು, ಮುಳಬಾಗಿಲು. ಬಾಯಿ ಮುಚ್ಚಿದ ಆ ಚೂರು ಹೊತ್ತಿನಲ್ಲಿ ಮೂಗಿನಿಂದ ಗುಟುಕು ಗಾಳಿ ಎಳೆದುಕೊಂಡರೆ ಎದುರಿಗೆ ನಿಂತವರಿಗೂ ತಿಳಿಯುವುದಿಲ್ಲ. ಇದನ್ನು ಅವರಿಗೆ ಕಲಿಸಿದ್ದು ಹಳೆಯ ಏಜೆಂಟರೊಬ್ಬರು. ಆ ಕಾಲದ ಏಜೆಂಟರೆಲ್ಲಾ ಹೀಗೇ ಕದಿಯುತ್ತಿದ್ದರಂತೆ, ಒಬ್ಬರೂ ಬಾಯಿ ಬಿಡುತ್ತಿರಲಿಲ್ಲವಂತೆ. ನಮ್ಮ ನರಗಳ ಹೆಸರುಗಳಲ್ಲಿ ತುಟಿ ಕೂಡುವ ಜಾಗಗಳನ್ನು ಹುಡುಕಿ ಭಾಯ್ ನನಗೆ ಗುರುತು ಹಾಕಿಸಿದರು. ಪರೀಕ್ಷೆಯಲ್ಲಿ ಹನ್ನೆರಡನ್ನೂ ಬಸ್ಸಿನ ಧಾಟಿಯಲ್ಲೇ ಹೇಳಿಬಿಟ್ಟೆ. ಪರೀಕ್ಷಕರು ನಕ್ಕು, ಎಲ್ಲಿ ಇಳಿಯುತ್ತೀಯಮ್ಮ ಎಂದು ಕೇಳಿದರು.

ಓದು ಮುಗಿದು, ಕೋಲಾರದ ಹೊರಗಿನ ದೊಡ್ಡ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಕೆಲಸಕ್ಕೆ ಸೇರಿದೆ. ಬೇಟಾ ಹೋಗಿ ನಾಲ್ಕು ಜನರ ಮುಂದೆ "ಸಿಸ್ಟರಮ್ಮ" ಆದೆ. ಬಸ್ಸು ಅದೇ, ಓಟವೂ ಅದೇ.

ಕೆಲವು ವರ್ಷ ಕಳೆದ ಮೇಲೆ ಒಂದು ಸಂಜೆ ಕೂಗು ಮೂಗಿನಲ್ಲಿ ಬಂದ ಹಾಗೆ ಕೇಳಿಸಿತು. ನೆಗಡಿ ಇರಬೇಕು ಎಂದುಕೊಂಡೆ. ಆಮೇಲೆ ನೋಡಿದರೆ ಬಲಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಎಲೆ ಅಡಿಕೆ ಜಗಿಯುತ್ತಾ ಜಗಿಯುತ್ತಾ ದವಡೆ ಸೋತು, ಅದನ್ನು ಕೈಯಿಂದ ಎತ್ತಿ ಹಿಡಿಯುತ್ತಿದ್ದರು. ಟವೆಲ್ಲನ್ನು ಸುತ್ತಿ ಗದ್ದದ ಕೆಳಗೆ ಕೊಟ್ಟುಕೊಂಡು ಕೂಗುತ್ತಿದ್ದರು. ನಿಲ್ದಾಣದಲ್ಲಿ ಗುಸುಗುಸು ಶುರುವಾಗಿತ್ತು. ಸಾಬರು ಈ ವಯಸ್ಸಲ್ಲಿ ಕುಡಿಯೋದು ಕಲಿತಿದ್ದಾರೆ ಎಂದು ಒಬ್ಬ ಕಂಡಕ್ಟರು ನನ್ನ ಕಿವಿಗೇ ಹಾಕಿದ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ ಅವರು. ಆ ಮಾತು ಅವರ ಕಿವಿಗೂ ಬಿದ್ದಿತ್ತು. ರೋಗಕ್ಕಿಂತ ಅದು ಅವರನ್ನು ಹೆಚ್ಚು ಬಾಧಿಸಿತು.

"ಬೆಳಗ್ಗೆ ಹೇಗಿರುತ್ತೆ ಭಾಯ್?" ಎಂದು ಕೇಳಿದೆ.

"ಬೆಳಗ್ಗೆ ಚೆನ್ನಾಗೇ ಇರ್ತೀನಮ್ಮ. ಸಂಜೆ ಆಗ್ತಾ ಆಗ್ತಾ ಯಾರೋ ಸ್ವಿಚ್ ಆಫ್ ಮಾಡ್ದಂಗ್ ಆಗುತ್ತೆ."

ಮಾರನೆಯ ದಿನವೇ ಬೈದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರರೋಗದ ಡಾಕ್ಟರು ಒಂದು ಕೈಗವಸಿನೊಳಗೆ ಐಸು ತುಂಬಿ ಇಳಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ಕಣ್ಣು ಪೂರ್ತಿ ತೆರೆದುಕೊಂಡಿತು. ಭಾಯ್‌ಗೆ ಭಾರೀ ಖುಷಿಯಾಗಿ, "ಇನ್ಮೇಲೆ ಐಸ್ ಕ್ಯಾಂಡಿ ಇಟ್ಕೊಂಡೇ ಕೂಗ್ಲಾ ಸಾರ್?" ಎಂದರು. ಡಾಕ್ಟರ ಅನುಮಾನ ಸರಿ ಎಂದು ರಕ್ತದ ಪರೀಕ್ಷೆಯೂ ಹೇಳಿತು. ಮಯಸ್ತೇನಿಯಾ ಗ್ರಾವಿಸ್. ನರ ಕೊಡುವ ಆಜ್ಞೆ ಸ್ನಾಯುವಿಗೆ ತಲುಪುವ ಜಾಗಕ್ಕೆ ಮೈಯ ಸ್ವಂತ ಕಾವಲು ಪಡೆಯೇ ಅಡ್ಡ ನಿಂತು ತಡೆಯುವ ಕಾಯಿಲೆ. ಇದನ್ನು ನಾನು ಹದಿನೈದು ನಿಮಿಷ ಕೈ ಆಡಿಸಿ ವಿವರಿಸಿದೆ. ಭಾಯ್ ಕೇಳಿ, "ಅಂದ್ರೆ ನಾನ್ ಕೂಗ್ತಾ ಇದೀನಿ, ನಡುವೆ ಯಾರೋ ಗುಂಪು ಕಟ್ಕೊಂಡ್ ನಿಂತವ್ರೆ, ಡ್ರೈವರ್‌ಗೆ ಕೇಳ್ತಾ ಇಲ್ಲ. ಅಷ್ಟೇ ತಾನೆ?" ಎಂದರು. ಅಷ್ಟೇ. ಆಮೇಲೆ ನಾನು ಎಷ್ಟೋ ರೋಗಿಗಳಿಗೆ ಹೀಗೇ ಹೇಳಿದ್ದೇನೆ.

ದಿನಕ್ಕೆ ನಾಲ್ಕು ಹೊತ್ತು ಮಾತ್ರೆ ಶುರುವಾಯಿತು. ಒಂದು ವರ್ಷ ಹೆಚ್ಚುಕಡಿಮೆ ಸುಸೂತ್ರವಾಗಿ ನಡೆಯಿತು. ಕುಡಿಯುತ್ತಾರೆ ಎಂದ ಕಂಡಕ್ಟರನ್ನು ಹಿಡಿದು ಮಾತ್ರೆಯ ಚೀಟಿ ಓದಿಸಿದ್ದರು. ಆಮೇಲೆ ಒಂದು ಚಳಿಗಾಲದಲ್ಲಿ ನೆಗಡಿ, ಜ್ವರ, ಎದೆಯಲ್ಲಿ ಕಫ. ಮನೆಯಲ್ಲಿರಿ ಎಂದರೆ ಕೇಳದೆ ನಾಲ್ಕು ದಿನ ಕೂಗಿದರು. ಐದನೆಯ ದಿನ ಅವರ ಹೆಂಡತಿ ಶಮೀಮ್ ಆಪಾ ಆಟೋದಲ್ಲಿ ಕೂರಿಸಿಕೊಂಡು ಬಂದರು. ನೀರು ಕುಡಿದರೆ ಮೂಗಿನಿಂದ ಬರುತ್ತಿತ್ತು. ತಲೆ ಎದೆಯ ಮೇಲೆ ವಾಲುತ್ತಿತ್ತು. ನಮ್ಮ ಘಟಕದ ಮೂರನೇ ಮಂಚಕ್ಕೆ ಬಂದರು. ನನ್ನದು ಹಗಲಿನ ಪಾಳಿ.

ಈ ಕಾಯಿಲೆ ಉಸಿರಾಟದ ಸ್ನಾಯುಗಳಿಗೆ ಇಳಿದರೆ ಕಥೆ ಬೇರೆಯಾಗುತ್ತದೆ. ಮೋಸವೇನೆಂದರೆ ಯಂತ್ರದಲ್ಲಿ ಆಮ್ಲಜನಕದ ಅಂಕಿ ಕೊನೆಯವರೆಗೂ ಚೆನ್ನಾಗಿಯೇ ಕಾಣಿಸುತ್ತದೆ. ಆದ್ದರಿಂದ ಮಂಚದ ಪಕ್ಕ ನಿಂತು ಒಂದು ಹಳೆಯ ಪರೀಕ್ಷೆ ಮಾಡುತ್ತೇವೆ. ದೀರ್ಘವಾಗಿ ಉಸಿರೆಳೆದುಕೊಂಡು, ಆ ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಎಣಿಸಬೇಕು. ಆರೋಗ್ಯವಂತರು ಐವತ್ತರ ಹತ್ತಿರ ಹೋಗುತ್ತಾರೆ. ಇಪ್ಪತ್ತರೊಳಗೆ ನಿಂತರೆ ನಮಗೆ ಕಳವಳ.

ಘಟಕದ ಡಾಕ್ಟರು ವಸುಧಾ ಮೇಡಂ. ಶ್ರೀನಿವಾಸಪುರದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಕಡಿಮೆ. ಎಣಿಸಿ ಎಂದರು. ಭಾಯ್ ಕಣ್ಣು ಮುಚ್ಚಿಕೊಂಡು ಶುರು ಮಾಡಿದರು. ಒಂದು, ಎರಡು, ಮೂರು. ಸ್ವರ ಮೂಗಿನಲ್ಲಿತ್ತು, ಆದರೆ ನಿಲ್ಲಲಿಲ್ಲ. ಮೂವತ್ತಾರಕ್ಕೆ ನಿಲ್ಲಿಸಿದರು. ಉಸಿರಿನ ಬಲ ಅಳೆಯಲು ಊದಿಸುವ ಯಂತ್ರದಲ್ಲಿ ತುಟಿ ಬಿಗಿಯಾಗಿ ಕೂರದೆ ಗಾಳಿ ಸೋರುತ್ತಿತ್ತು, ಅದರ ಅಂಕಿಯನ್ನು ನಂಬುವಂತಿರಲಿಲ್ಲ.

"ಉಸಿರು ಪರವಾಗಿಲ್ಲ ಸಿಸ್ಟರ್. ಜ್ವರಕ್ಕೆ ಔಷಧಿ ಕೊಟ್ಟು ವಾರ್ಡಿಗೆ ಕಳ್ಸೋಣ. ಎರಡು ದಿನ ನೋಡಿ ಮುಂದಿನದ್ದು ಯೋಚ್ನೆ ಮಾಡಿದ್ರಾಯ್ತು" ಎಂದರು ಮೇಡಂ.

ಅವರ ತಪ್ಪಲ್ಲ. ಮೂವತ್ತಾರು ಎಣಿಸಿದ ರೋಗಿಗೆ ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಆದರೆ ನಾನು ಭಾಯ್ ಮುಖ ನೋಡುತ್ತಿದ್ದೆ. ಮೂರರ ಹತ್ತಿರ ಮೂಗಿನ ಹೊಳ್ಳೆ ಸ್ವಲ್ಪ ಅರಳಿತ್ತು. ಒಂಬತ್ತರಲ್ಲಿ ಮತ್ತೊಮ್ಮೆ. ಹದಿಮೂರರಲ್ಲಿ, ಹತ್ತೊಂಬತ್ತರಲ್ಲಿ. ಭಾಯ್ ಕದಿಯುತ್ತಿದ್ದರು.

ಪುಸ್ತಕದ ಮೇಲೆ ಕೈ ಇಟ್ಟ ಮಾತೊಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ಜನರ ಮುಂದೆ ಅವರ ಕಸುಬಿನ ಮಾನ ತೆಗೆಯಬೇಕಲ್ಲ ಎಂಬ ಸಂಕಟ. ಇತ್ತ ವಾರ್ಡಿಗೆ ಹೋದರೆ ಅಲ್ಲಿ ಗಂಟೆಗೊಂದು ಸಲ ಉಸಿರು ನೋಡುವವರಿಲ್ಲ. ಸೋತು ಸೋತು ಒಮ್ಮೆಲೇ ನಿಂತರೆ ಔಷಧಿ ಕೊಡಲು ಹೊತ್ತೇ ಉಳಿಯುವುದಿಲ್ಲ.

"ಮೇಡಂ, ಒಂದ್ ನಿಮಿಷ" ಎಂದೆ. ಆಮೇಲೆ ಮಂಚದ ಹತ್ತಿರ ಬಗ್ಗಿ, "ಭಾಯ್, ನಂಬರ್ ಬೇಡ. ಐದೂವರೆ ಕೂಗು ಹಾಕಿ. ಆದ್ರೆ ಇವತ್ತು ವೇಮಗಲ್ ಬೇಡ, ಮಾಲೂರ್ ಬೇಡ, ಮುಳಬಾಗಿಲೂ ಬೇಡ. ಆ ಮೂರ್ ಬಿಟ್ಟು ಕೂಗಿ" ಎಂದೆ.

ಮೇಡಂ ನನ್ನನ್ನು ವಿಚಿತ್ರವಾಗಿ ನೋಡಿದರು. ಭಾಯ್ ರೆಪ್ಪೆ ಇಳಿಯದ ಇನ್ನೊಂದು ಕಣ್ಣಿನಿಂದ ನನ್ನನ್ನೇ ನೋಡಿದರು. ಸಿಕ್ಕಿಬಿದ್ದೆ ಎಂದು ಅವರಿಗೆ ತಿಳಿಯಿತು. ಬೇಕಾಗಿದ್ದರೆ ಆಗ ಸುಸ್ತಾಗಿದೆ ಎಂದು ಮುಖ ತಿರುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಉಸಿರೆಳೆದುಕೊಂಡರು.

"ಸುಗಟೂರ್... ಹೋಳೂರ್... ಟೇಕಲ್... ಲಕ್..."

ಅಷ್ಟೇ. ಲಕ್ಕೂರು ಪೂರ್ತಿಯಾಗಲಿಲ್ಲ. ಕತ್ತಿನ ಸ್ನಾಯುಗಳು ಎಳೆಯುತ್ತಿದ್ದದ್ದು ಆಗ ಎಲ್ಲರಿಗೂ ಕಾಣಿಸಿತು.

"ನಿಜವಾದದ್ದು ಇದು ಮೇಡಂ" ಎಂದೆ. ಮೇಡಂ ಏಕೆ, ಹೇಗೆ ಎಂದು ಕೇಳಲಿಲ್ಲ. ಮತ್ತೊಮ್ಮೆ ಎಣಿಸಿ ಎಂದರು. ಈ ಸಲ ಒಂಬತ್ತಕ್ಕೆ ನಿಂತಿತು.

"ಯಾಕ್ ಭಾಯ್ ಹೀಗ್ ಮಾಡಿದ್ರಿ?" ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಒಳಗೆ ಹೆದರಿಕೆ. ಅವರು ಉಸಿರು ಕೂಡಿಸಿಕೊಂಡು ತುಂಡು ತುಂಡಾಗಿ ಹೇಳಿದರು.

"ಕಮ್ಮಿ ಎಣಿಸಿದ್ರೆ... ಟ್ಯೂಬ್ ಹಾಕ್ತಾರಂತೆ. ಗಂಟ್ಲಲ್ಲಿ ತೂತು. ನಮ್ ಉಸ್ತಾದ್‌ಗೆ ಹಾಕಿದ್ರು. ಆಮೇಲೆ ಅವ್ರು ಕೂಗ್ಲೇ ಇಲ್ಲ. ಟ್ಯೂಬ್ ನಕ್ಕೊ ಬೇಟಾ, ಬೇಡ."

ಕೂಗು ಕಲಿಸಿದ ಆ ಹಳೆಯ ಏಜೆಂಟರು ಗಂಟಲ ರೋಗದಲ್ಲಿ ಮಾತು ಕಳೆದುಕೊಂಡು ಸತ್ತಿದ್ದರು. ಅದು ಬೇರೆ ಕಾಯಿಲೆ, ಬೇರೆ ತೂತು. ಭಾಯ್‌ಗೆ ಎಲ್ಲಾ ಒಂದೇ. ಸ್ವರ ಉಳಿಸಿಕೊಳ್ಳಬೇಕೆಂದು ಅವರು ಕದ್ದ ಉಸಿರೇ ಅವರ ಸ್ವರಕ್ಕೆ ಕುತ್ತು ತರುವುದರಲ್ಲಿತ್ತು.

ವಸುಧಾ ಮೇಡಂ ಸ್ಟೂಲು ಎಳೆದುಕೊಂಡು ಕೂತರು. ಅವರು ರೋಗಿಯ ಹತ್ತಿರ ಕೂತು ಅಷ್ಟು ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು. "ಭಾಯ್, ಕಮ್ಮಿ ಅಂದ್ರೆ ಮೊದ್ಲು ಟ್ಯೂಬ್ ಅಲ್ಲ, ಮೊದ್ಲು ಔಷಧಿ. ಅದು ಕೆಲ್ಸ ಮಾಡೋಕೆ ನಾಕೈದು ದಿನ ಬೇಕು. ಅಲ್ಲೀವರ್ಗೂ ನಿಮ್ ಉಸಿರು ತಡ್ಕೋಬೇಕು, ಮುಖಕ್ಕೆ ಮಾಸ್ಕ್ ಹಾಕಿ ನಾವು ತಳ್ತೀವಿ. ಇವತ್ತೇ ಶುರು ಮಾಡಿದ್ರೆ ಟ್ಯೂಬ್ ತಪ್ಪಿಸ್ಬೋದು. ತಪ್ಪೇ ತಪ್ಪುತ್ತೆ ಅಂತ ಮಾತು ಕೊಡಲ್ಲ. ಆದ್ರೆ ನೀವು ಸುಳ್ಳು ಎಣಿಸಿದ್ರೆ ನಂಗೆ ಗೊತ್ತಾಗೋ ಹೊತ್ತಿಗೆ ಟ್ಯೂಬ್ ಒಂದೇ ಉಳಿಯೋದು."

ಭಾಯ್ ತೋರುಬೆರಳನ್ನು ಹಾಸಿಗೆಯಿಂದ ಎರಡು ಅಂಗುಲ ಎತ್ತಿದರು. "ಕದ್ದಾಗ ಬೆರಳ್ ಎತ್ತೀನಿ. ಅಲ್ಲಿಗೆ ನಿಲ್ಸಿ." ಹೀಗೆ ಒಪ್ಪಂದವಾಯಿತು.

ಮಧ್ಯಾಹ್ನದೊಳಗೆ ಫ್ರಿಜ್ಜಿನಿಂದ ಔಷಧಿಯ ಸೀಸೆಗಳು ಬಂದವು. ಇಮ್ಯುನೊಗ್ಲೋಬ್ಯುಲಿನ್. ಅಲ್ಲಾಡಿಸಿದರೆ ನೊರೆಯಾಗುತ್ತದೆ, ಮಗುವನ್ನು ಎತ್ತಿಕೊಂಡ ಹಾಗೆ ತರಬೇಕು. ತಣ್ಣಗಿದ್ದದ್ದು ಕೋಣೆಯ ಹದಕ್ಕೆ ಬಂದ ಮೇಲೆ ಮೊದಲು ಹನಿ ಹನಿಯಾಗಿ, ಕಾಲು ಗಂಟೆಗೊಮ್ಮೆ ಜ್ವರ, ರಕ್ತದ ಒತ್ತಡ ನೋಡುತ್ತಾ, ಮೈ ಒಪ್ಪಿಕೊಂಡಿತು ಎಂದಾದ ಮೇಲೆ ಸ್ವಲ್ಪ ಜೋರಾಗಿ. ಹೀಗೆ ದಿನಕ್ಕೊಂದು ಪಾಲಿನಂತೆ ಐದು ದಿನ. ಇದೇನಮ್ಮಾ ಎಂದು ಅವರು ಕಣ್ಣಲ್ಲೇ ಕೇಳಿದರು. ಸಾವಿರಾರು ಜನ ಕೊಟ್ಟ ರಕ್ತದಿಂದ ತೆಗೆದದ್ದು, ನಿಮ್ಮೊಳಗೆ ಅಡ್ಡ ನಿಂತ ಗುಂಪನ್ನು ಪಕ್ಕಕ್ಕೆ ಸರಿಸುತ್ತದೆ ಎಂದೆ. ಮಾಸ್ಕಿನ ಒಳಗಿಂದ ಏನೋ ಅಂದರು. ಸರಿಸಿ ಕೇಳಿದೆ.

"ಹಂಗಾದ್ರೆ ಇಡೀ ಬಸ್ ಸ್ಟಾಂಡೇ ನನ್ನೊಳಗೆ ಹತ್ತುತಾ ಐತೆ ಅನ್ನು. ನಿಧಾನಕ್ಕೆ ಹತ್ಸು. ನೂಕ್ಬೇಡ."

ಅಂದಿನಿಂದ ನಾಲ್ಕು ಗಂಟೆಗೊಮ್ಮೆ ಕೂಗು. ಚಾರ್ಟಿನಲ್ಲಿ ಅಂಕಿ ಬರೆಯುವ ಖಾನೆಯ ಪಕ್ಕ ನಾನು ಊರನ್ನೂ ಬರೆಯತೊಡಗಿದೆ. ಎರಡನೆಯ ದಿನ ವೇಮಗಲ್. ಮೂರನೆಯ ದಿನ ಹೋಳೂರಿಗೇ ನಿಂತಿತು. ಅಂದು ಟ್ಯೂಬಿನ ಸಾಮಾನನ್ನು ಟ್ರಾಲಿಯಲ್ಲಿ ಜೋಡಿಸಿ, ಹಸಿರು ಬಟ್ಟೆ ಮುಚ್ಚಿ ಮಂಚದ ಪಕ್ಕಕ್ಕೆ ತಂದಿಟ್ಟೆವು. ಬಟ್ಟೆಯ ಕೆಳಗೆ ಏನಿದೆ ಎಂದು ಭಾಯ್‌ಗೆ ಗೊತ್ತಿತ್ತು. ಸಂಜೆಯ ಕೂಗಿಗೆ ಅವರು ಸುಳ್ಳು ಹೇಳುತ್ತಾರೇನೋ ಎಂದು ನಾನು ಅವರ ಮೂಗನ್ನೇ ನೋಡುತ್ತಾ ನಿಂತೆ. ಸುಗಟೂರು, ಹೋಳೂರು ಆಯಿತು. ವೇಮಗಲ್ಲಿನ ಹತ್ತಿರ ತುಟಿ ಕೂಡಿತು, ಹೊಳ್ಳೆ ಅರಳಿತು, ಜೊತೆಗೇ ಬೆರಳು ಎದ್ದಿತು. ನನಗೆ ಅಳು ಬಂತು. ಅಳುವುದಕ್ಕೆ ಔಷಧಿಯ ಕೋಣೆಗೆ ಹೋದೆ.

ಹೊರಗಡೆ ಬೆಂಚಿನ ಮೇಲೆ ಶಮೀಮ್ ಆಪಾ. "ಮೂವತ್ ವರ್ಷ ಇವ್ರ ಕೂಗು ಕೇಳಿ ಕೇಳಿ ಸುಮ್ನಿರಿ ಮಾರಾಯ್ರೆ ಅಂತಿದ್ದೆ. ಮನೇಲೂ ಮೆಲ್ಲಗೆ ಮಾತಾಡೋಕೆ ಬರಲ್ಲ ಇವ್ರಿಗೆ. ಈಗ ಮನೆಗ್ ಹೋದ್ರೆ ಕಿವಿ ನೋಯುತ್ತೆ ನೋಡಮ್ಮ" ಎಂದರು. ಆಕೆಗೆ ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. ಇನ್ನೆರಡು ದಿನ ದಾಟಿದರೆ ದಾಟಿದ ಹಾಗೆ ಎಂದೆ.

ನಾಲ್ಕನೆಯ ದಿನವೂ ಹೋಳೂರು. ಇಳಿಯಲಿಲ್ಲ, ಅಷ್ಟೇ ನಮಗೆ ಸಮಾಧಾನ. ಐದನೆಯ ದಿನ ಬೆಳಿಗ್ಗೆ ಟೇಕಲ್, ಸಂಜೆ ಲಕ್ಕೂರು. ಆರನೆಯ ದಿನ ನಾನು ಪಾಳಿಗೆ ಬಂದಾಗ ವಸುಧಾ ಮೇಡಂ ಕೈ ತೊಳೆಯುತ್ತಿದ್ದವರು ಹಿಂದೆ ತಿರುಗಿ, "ಸಿಸ್ಟರ್, ಭಾಯ್ ಮಾಲೂರಿಗೆ ಹೋಗಿದ್ದಾರೆ" ಎಂದರು. ಪಕ್ಕದ ಮಂಚದ ರೋಗಿಯ ಮಗ, ಡಿಸ್ಚಾರ್ಜ್ ಮಾಡಿಬಿಟ್ಟರಾ ಎಂದು ಕೇಳಿದ. ಅಂದೇ ಹಸಿರು ಬಟ್ಟೆಯ ಟ್ರಾಲಿಯನ್ನು ವಾಪಸ್ಸು ತಳ್ಳಿದೆವು. ಭಾಯ್ ಅದು ಬಾಗಿಲು ದಾಟುವವರೆಗೂ ನೋಡಿ, ಕೈ ಎತ್ತಿ, "ಹೋಗ್ಲಿ, ರೈಟ್" ಎಂದರು.

ವಾರ್ಡಿಗೆ ಹೋಗಿ, ಆಮೇಲೆ ಮನೆಗೆ ಹೊರಟ ದಿನ ಅವರು ಮುಳಬಾಗಿಲಿನವರೆಗೆ ಬಂದಿದ್ದರು. ಒಂಬತ್ತು ಊರು. ಕಾಯಿಲೆ ಹೋಗಿರಲಿಲ್ಲ, ಹೋಗುವಂಥದ್ದಲ್ಲ. ಮಾತ್ರೆಗಳು ಹೆಚ್ಚಾದವು. ದಿನವಿಡೀ ಕೂಗಬಾರದು ಎಂದು ಮೇಡಂ ಕಟ್ಟುನಿಟ್ಟು ಮಾಡಿದರು. ಹಾಗಾಗಿ ನಿಲ್ದಾಣದಲ್ಲಿ ಬೇವಿನ ಮರದ ಕೆಳಗಿನ ಬೆಂಚು ಅವರ ಜಾಗವಾಯಿತು. ಬಸ್ಸಿನವರು ಸೇರಿ ಧ್ವನಿವರ್ಧಕ ಹಾಕಿಸಿದರು. ಯಾವುದೋ ಹೆಣ್ಣು ದನಿ, ರೆಕಾರ್ಡು ಮಾಡಿದ್ದು, ಊರುಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿತ್ತು. ಬೇಜಾರಾ ಎಂದು ಕೇಳಿದೆ. "ಚೆನ್ನಾಗ್ ಹೇಳ್ತಾಳಮ್ಮ. ಅವ್ಳಿಗೆ ಈ ಕಾಯ್ಲೆ ಬರಲ್ಲ" ಎಂದವರು, ಗೇಟಿನ ಕಡೆ ನೋಡಿ, "ಓಡಿ ಬರೋರು ಮಾತ್ರ ಅವ್ಳಿಗೆ ಕಾಣ್ಸಲ್ಲ" ಎಂದರು.

ಪ್ರತಿ ಶುಕ್ರವಾರ ನಮಾಜು ಮುಗಿಸಿ ನನಗೆ ಫೋನು ಮಾಡುವುದು ಅವರ ಪದ್ಧತಿಯಾಯಿತು. ಕುಶಲವಿಲ್ಲ, ಏನಿಲ್ಲ, ನೇರವಾಗಿ ಕೂಗು. ನಿಂತ ಕಡೆ ನಿಲ್ಲಿಸಿ, "ರೋಣೂರು. ಬರ್ಕೋ" ಎನ್ನುತ್ತಿದ್ದರು. ಮೇಡಂಗೆ ತೋರಿಸಲೆಂದು ಒಂದು ಪುಟ್ಟ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಹತ್ತು, ಒಂಬತ್ತು, ಹತ್ತು, ಹನ್ನೊಂದು. ಊರು ಇಳಿದಾಗ ಆಸ್ಪತ್ರೆಗೆ ಕರೆಸುತ್ತಿದ್ದೆ, ಮಾತ್ರೆ ಬದಲಾಗುತ್ತಿತ್ತು. ಫೋನಿನಲ್ಲಿ ಬೆರಳು ಕಾಣುವುದಿಲ್ಲ, ಕದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ. ಒಮ್ಮೆಯೂ ಕದಿಯಲಿಲ್ಲ. ಹನ್ನೆರಡನೆಯ ಊರಿಗೆ ಮಾತ್ರ ಅವರು ತಲುಪಲೇ ಇಲ್ಲ. "ನಿಮ್ಮೂರಿನ್ ರೋಡ್ ಸರಿ ಇಲ್ಲಮ್ಮ, ಪಂಚಾಯ್ತಿಗೆ ಅರ್ಜಿ ಕೊಡು" ಎಂದು ನನ್ನನ್ನೇ ಬೈಯುತ್ತಿದ್ದರು.

ಅವರು ಹೋಗಿ ಈಗ ಎರಡು ವರ್ಷವಾಯಿತು. ಉಸಿರಿನ ತೊಂದರೆಯಿಂದಲ್ಲ, ಎದೆ ನೋವಿನಿಂದ, ಆವನಿಯ ಹತ್ತಿರ ಮಗಳ ಮನೆಗೆ ಹೋಗಿದ್ದಾಗ. ಒಂದು ಶುಕ್ರವಾರ ಫೋನು ಬಂತು, ಆ ಕಡೆ ಶಮೀಮ್ ಆಪಾ ಇದ್ದರು. ಊರುಗಳ ಹೆಸರಿಗೆ ಕಾಯುತ್ತಿದ್ದ ನನಗೆ ಆಕೆ ಏನು ಹೇಳುತ್ತಿದ್ದಾರೆಂದು ಸ್ವಲ್ಪ ಹೊತ್ತು ಅರ್ಥವೇ ಆಗಲಿಲ್ಲ.

ನಾನು ಕೊನೆಯ ಸಲ ಅವರನ್ನು ನೋಡಿದ್ದು ಅದಕ್ಕೆ ಹದಿನೈದು ದಿನ ಮುಂಚೆ. ಅಂದು ಪಾಳಿ ಬಿಡಿಸಲು ಬರಬೇಕಾದವಳು ತಡ ಮಾಡಿದ್ದಳು. ನಾನು ನಿಲ್ದಾಣದ ಗೇಟಿಗೆ ಬಂದಾಗ ರೆಕಾರ್ಡಿನ ದನಿ ತನ್ನ ಪಾಠ ಒಪ್ಪಿಸಿ ಮುಗಿಸಿತ್ತು. ನಾಲ್ಕು ಬಸ್ಸುಗಳೂ ಇಂಜಿನ್ ಹಚ್ಚಿದ್ದವು. ಹೂವಿನ ಅಂಗಡಿಗಳ ಸಾಲಿನಲ್ಲಿ ಜನರನ್ನು ಸರಿಸಿಕೊಂಡು ಓಡುತ್ತಾ, ಸಿಗುವುದಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಬೇವಿನ ಮರದ ಕೆಳಗಿನಿಂದ ಭಾಯ್ ಎದ್ದರು. ಅವಸರವಿಲ್ಲದೆ ಮೊದಲ ಬಸ್ಸಿನ ಹತ್ತಿರ ಬಂದು ಎಡಗೈಯಲ್ಲಿ ಬಾಗಿಲ ಕಂಬಿ ಹಿಡಿದರು. ಬಲಗೈ ಕಿವಿಯ ಹಿಂದೆ ಹೋಯಿತು. ಕಣ್ಣು ಮುಚ್ಚಿದರು.

"ಸುಗಟೂರ್ ಹೋಳೂರ್ ವೇಮಗಲ್..."

ಸ್ವರ ಮೊದಲಿನಷ್ಟಿರಲಿಲ್ಲ. ಆದರೂ ಹಳೆಯ ಡ್ರೈವರುಗಳು ಗೇರಿನ ಮೇಲಿನ ಕೈ ತೆಗೆದರು. ಅವರನ್ನು ನೋಡಿ ಹೊಸಬರೂ ತೆಗೆದರು. ಮಾಲೂರು ಬಂತು, ಕದಿಯಲಿಲ್ಲ. ಮುಳಬಾಗಿಲು ಬಂತು, ಅಲ್ಲೂ ಇಲ್ಲ. ರೋಣೂರಿನಲ್ಲಿ ದನಿ ಸಣ್ಣಗಾಯಿತು. ಶ್ರೀನಿವಾಸಪುರ ಮುಗಿಯುವ ಹೊತ್ತಿಗೆ ಬರೀ ಗಾಳಿ. ಅಲ್ಲಿಗೆ ನಿಂತಿತು. ಕಣ್ಣು ತೆರೆದು ನೋಡಿದರು. ನಾನಿನ್ನೂ ಕೊನೆಯ ಹೂವಿನ ಅಂಗಡಿಯ ಹತ್ತಿರವಿದ್ದೆ.

ಆಗ ಭಾಯ್ ತೋರುಬೆರಳನ್ನು ತಲೆಯ ಮೇಲಕ್ಕೆ, ಇಡೀ ನಿಲ್ದಾಣಕ್ಕೆ ಕಾಣುವ ಹಾಗೆ ಎತ್ತಿದರು. ಎತ್ತಿದ ಬೆರಳನ್ನು ಇಳಿಸದೆ, ಬಾಯಿ ತೆರೆದುಕೊಂಡೇ, ಎದೆ ತುಂಬ ಒಂದು ಉಸಿರು ತೆಗೆದುಕೊಂಡರು. ನಾಲ್ಕು ಬಸ್ಸು, ಅದರಲ್ಲಿದ್ದ ಅಷ್ಟೂ ಜನ ಆ ಒಂದು ಉಸಿರಿಗೆ ಕಾದರು.

"ಕ್ಯಾಲನೂರೂ..."

ನನ್ನ ಕಾಲು ಮೆಟ್ಟಿಲ ಮೇಲೆ ಬಿದ್ದ ಮೇಲೆ ಎಳೆತ ನಿಂತಿತು. ಸೀಟು ಹಿಡಿದು ಕೂತು ಕಿಟಕಿಯಿಂದ ಬಗ್ಗಿದೆ. ಬೈಯಬೇಕೆಂದಿದ್ದೆ, ಡಾಕ್ಟರು ಬೇಡ ಎಂದಿದ್ದಾರಲ್ಲ ಎಂದು. ಭಾಯ್ ಬಸ್ಸಿನ ತಗಡಿಗೆ ಒರಗಿಕೊಂಡು, ಸುಧಾರಿಸಿಕೊಂಡು, ನನಗಿಂತ ಮೊದಲು ಮಾತಾಡಿದರು.

"ಹನ್ನೊಂದು ಅಂತ ಬರ್ಕೋ ಸಿಸ್ಟರಮ್ಮ. ಹನ್ನೆರಡ್ನೇದು ಕದ್ದಿದ್ದು."

ತಗಡನ್ನು ಎರಡು ಸಲ ತಟ್ಟಿದರು, ಬಸ್ಸು ಹೊರಟಿತು. ಊರು ಸೇರುವ ಮೊದಲೇ ಡೈರಿ ತೆಗೆದು, ಅಲುಗಾಡುವ ಅಕ್ಷರದಲ್ಲಿ ನಾನು ಹನ್ನೆರಡು ಎಂದು ಬರೆದೆ.